ಲೋಟ ತೊಳೆಯುವುದು ಆಟವಲ್ಲ

“ಕೂಲಿಯವನ ಮಗನಿಗೆ ಬೇರೆ ವ್ಯಾಯಾಮವೇಕೆ? ನಾಲ್ಕು ಮೇಜು ಒರೆಸಲಿ, ಮೈ ತಾನಾಗಿ ಗಟ್ಟಿಯಾಗುತ್ತದೆ” ಎಂಬ ಮಾತು ಗಲ್ಲದಲ್ಲಿ ಕುಳಿತವರ ಬಾಯಿಂದ ಬರುವುದುಂಟು. ಕಾರ್ಮಿಕ ಬಂಧುಗಳಲ್ಲಿಯೂ ಕೆಲವರು ಅದಕ್ಕೆ ತಲೆದೂಗುತ್ತಾರೆಂಬುದೇ ನಮ್ಮ ದುಃಖ.

ಹೃದಯವೂ ಒಂದು ಮಾಂಸಖಂಡವೇ. ಮಗು ಓಡಿದಾಗ, ಕಬಡ್ಡಿ ಆಡಿದಾಗ ಅದು ಬಲಗೊಂಡು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ರಕ್ತನಾಳಗಳು ಮೃದುವಾಗಿ ಉಳಿಯುತ್ತವೆ, ರಕ್ತದ ಒತ್ತಡ ಹತೋಟಿಯಲ್ಲಿರುತ್ತದೆ. ಐವತ್ತರ ವಯಸ್ಸಿನಲ್ಲಿ ಎದೆ ಹಿಡಿಯುವಂತೆ ಮಾಡುವ ಕೊಬ್ಬು ನಾಳಗಳಲ್ಲಿ ಕೂರಲು ತೊಡಗುವುದು ಬಾಲ್ಯದಲ್ಲಿಯೇ. ಆದುದರಿಂದಲೇ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ದುಡಿಯುವ ಡ್ರೈವರುಗಳಿಗೆ ಹೃದ್ರೋಗ ಹೆಚ್ಚೆಂದು ಡಾ. ಜೆರಿ ಮಾರಿಸ್ 1953ರಲ್ಲಿ ತೋರಿಸಿದರು. “ಹಾಗಾದರೆ ದುಡಿಮೆಯೇ ವ್ಯಾಯಾಮವಾಯಿತಲ್ಲ!” ಎಂದು ಧಣಿಗಳು ಹಿಗ್ಗಬೇಕಾಗಿಲ್ಲ. ಆ ಕಂಡಕ್ಟರುಗಳು ವಯಸ್ಕರು, ನಡೆದಾಡಿ ದುಡಿದವರು. ಒಲೆಯ ಹೊಗೆಯಲ್ಲಿ ತಾಸುಗಟ್ಟಲೆ ನಿಂತಲ್ಲೇ ನಿಂತ ಬಾಲಕನಿಗೆ ಓಟವೂ ಇಲ್ಲ, ದಣಿದಾಗ ಕೂರುವ ಸ್ವಾತಂತ್ರ್ಯವೂ ಇಲ್ಲ. ಹೋಟೆಲುಗಳಲ್ಲಿ ಎಳೆಯ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ಕಾನೂನು 2006ರ ಅಕ್ಟೋಬರಿನಲ್ಲಿಯೇ ನಿಷೇಧಿಸಿತು.

ಇನ್ನು ಜಾಗದ ಮಾತು. 2013ರ ನವೆಂಬರ್ 17ರ ಭಾನುವಾರ ಇದೇ ಗುರುಗ್ರಾಮದಲ್ಲಿ ‘ರಾಹಗಿರಿ’ಯೆಂದು ರಸ್ತೆಗೆ ವಾಹನ ಬಾರದಂತೆ ತಡೆದು, ಜನ ಆಡಲು, ಓಡಲು ಬಿಟ್ಟುಕೊಟ್ಟರು. ಮನಸ್ಸಿದ್ದರೆ ಮಾರ್ಗವುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆದರೆ ಭಾನುವಾರವೇ ಹೋಟೆಲಿಗೆ ಗಿರಾಕಿ ಹೆಚ್ಚು, ಮಗುವಿನ ಕೈಹಿಡಿದು ಕರೆದೊಯ್ಯಬೇಕಾದ ತಂದೆಗೆ ರಜೆಯಿಲ್ಲ. ಸಿರಿವಂತರ ವಸತಿಗಳ ಉದ್ಯಾನದ ಬಾಗಿಲಲ್ಲಿ ಕಾವಲುಗಾರ ನಿಂತಿದ್ದಾನೆ. ಉದ್ಯೋಗ ವಿಹಾರದ ಬಟ್ಟೆ ಕಾರ್ಖಾನೆಗಳ ಕೆಲಸಗಾರರು ಬಾಡಿಗೆಗಿರುವ ಒಂದೇ ಕೋಣೆಯ ಮನೆಗಳ ಗಲ್ಲಿಯಲ್ಲಿ ಮಗು ಎಲ್ಲಿ ಓಡಬೇಕು?

ಶಾಲೆಗೆ ಆಟದ ಬಯಲಿರಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ವಿಧಿಸಿದೆ. ಆ ಬಯಲು ಸಂಜೆ ಬೀಗ ಬಿದ್ದು ಪಾಳಾಗಿರುವುದೇಕೆ? ನಾವು ಭಿಕ್ಷೆ ಬೇಡುತ್ತಿಲ್ಲ. ಸಂಜೆ ಶಾಲೆಯ ಬಯಲು ತೆರೆಯಲಿ, ವಾರಕ್ಕೊಂದು ರಜೆ ನಿಜವಾಗಿ ಸಿಗಲಿ, ಹೊಗೆ ಕವಿಯುವ ಚಳಿಗಾಲದ ದಿನಗಳಲ್ಲಿ ಮಕ್ಕಳಿಗೆ ಒಳಾಂಗಣ ದೊರೆಯಲಿ.

ನಮ್ಮ ಕರ್ತವ್ಯವೂ ಉಂಟು. ಆಡುವಾಗ ಎದೆ ನೋವೆಂದ, ತಲೆಸುತ್ತಿ ಬಿದ್ದ ಮಗುವನ್ನು ವೈದ್ಯರಲ್ಲಿಗೆ ಒಯ್ಯಿರಿ; ಉಳಿದ ಮಕ್ಕಳನ್ನು “ಆಡಿ ಕೆಟ್ಟ” ಎಂದು ಗದರಿಸದಿರಿ. ನಮ್ಮ ಬೆವರು ಧಣಿಗೆ ಸಂದಿತು. ಮಕ್ಕಳ ಬೆವರಾದರೂ ಅವರ ಎದೆಗೇ ಸಲ್ಲಲಿ.