ಯಂತ್ರದ ಅಭ್ಯಾಸಕ್ಕೆ ಯಾರ ಹಣ?

ಹೋದ ತಿಂಗಳು ಒಂದು ಸಂಜೆ ನಮ್ಮ ಹಳೆಯ ಶಿಷ್ಯನೊಬ್ಬನ ತಾಯಿಯವರು ಮನೆಗೆ ಬಂದು, ನಾಲ್ಕಾಗಿ ಮಡಿಸಿದ ಒಂದು ಕಾಗದವನ್ನು ನಮ್ಮ ಮುಂದಿಟ್ಟರು. ಅವರಿಗೆ ಪಿತ್ತಕೋಶದಲ್ಲಿ ಕಲ್ಲು. ನಗರದ ಒಂದು ಆಸ್ಪತ್ರೆಯವರು ಶಸ್ತ್ರಚಿಕಿತ್ಸೆಗೆ ದಿನವನ್ನು ಗೊತ್ತುಮಾಡಿ, ಒಪ್ಪಿಗೆಯ ಪತ್ರವನ್ನು ಕೈಗೆ ಕೊಟ್ಟು ಕಳುಹಿಸಿದ್ದರು. ಪತ್ರವೆಲ್ಲವೂ ಇಂಗ್ಲಿಷಿನಲ್ಲಿತ್ತು.

“ಮೇಷ್ಟ್ರೇ, ಎಲ್ಲೆಲ್ಲಿ ರುಜು ಹಾಕಬೇಕೂಂತ ಗುರುತು ಮಾಡಿಕೊಟ್ಟಿದ್ದಾರೆ. ಕೊನೇದು ಒಂದು ಏನೂಂತ ತಿಳೀಲಿಲ್ಲ. ಮಗ ಫೋನಿನಲ್ಲಿ ‘ಹಾಕಿಬಿಡಮ್ಮ’ ಅಂತಾನೆ. ನೀವು ಸ್ವಲ್ಪ ಓದಿ ಹೇಳಿ” ಎಂದರು.

ಓದಿದೆವು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಹೊಟ್ಟೆಯೊಳಗಿನಿಂದ ತೆಗೆದ ಚಲಚ್ಚಿತ್ರವನ್ನು ಸಂಶೋಧನೆಗಾಗಿಯೂ ಅಭಿವೃದ್ಧಿಗಾಗಿಯೂ ಆಸ್ಪತ್ರೆಯವರೂ ಅವರ ಸಹಭಾಗಿಗಳೂ ಉಪಯೋಗಿಸಿಕೊಳ್ಳಬಹುದು ಎಂಬುದೇ ಆ ಕೊನೆಯ ವಾಕ್ಯದ ತಾತ್ಪರ್ಯ. ಸಹಭಾಗಿಗಳು ಯಾರೆಂಬುದು ಬರೆದಿರಲಿಲ್ಲ. ಎರಡು ದಿನ ಅವಕಾಶ ಕೊಡಿರೆಂದು ಆ ತಾಯಿಯವರಿಗೆ ಹೇಳಿ, ತಿಳಿದವರನ್ನು ಕೇಳಿಯೂ ಓದಿಯೂ ನಾವು ಅರಿತುಕೊಂಡುದನ್ನು ವಾಚಕರ ಮುಂದೆಯೂ ಇಡುತ್ತೇವೆ. ಇಂಥ ಕಾಗದವು ಇನ್ನು ಮುಂದೆ ಯಾರ ಮನೆಗಾದರೂ ಬರತಕ್ಕದ್ದೇ.

ಪಿತ್ತಕೋಶವನ್ನು ತೆಗೆಯಲು ಹೊಟ್ಟೆಯನ್ನು ಉದ್ದಕ್ಕೆ ಸೀಳುವ ಪದ್ಧತಿಯು ಈಗ ಬಹುಮಟ್ಟಿಗೆ ನಿಂತಿರುವುದಷ್ಟೆ. ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ, ಒಂದರಲ್ಲಿ ಕ್ಯಾಮೆರಾವನ್ನೂ ಉಳಿದವುಗಳಲ್ಲಿ ನೀಳವಾದ ಉಪಕರಣಗಳನ್ನೂ ಇಳಿಸಿ, ವೈದ್ಯರು ಪರದೆಯನ್ನು ನೋಡುತ್ತ ಕೆಲಸ ಮಾಡುತ್ತಾರೆ. ಭಯವಿರುವುದು ಒಂದು ಕಡೆಯಲ್ಲಿ. ಪಿತ್ತಕೋಶದಿಂದ ಹೊರಡುವ ಕಿರುನಾಳವನ್ನು ಕತ್ತರಿಸಬೇಕು; ಯಕೃತ್ತಿನಿಂದ ಕರುಳಿಗೆ ಪಿತ್ತವನ್ನು ಒಯ್ಯುವ ಮುಖ್ಯನಾಳವನ್ನು ಕತ್ತರಿಸಕೂಡದು. ಬಾವೂ ಕೊಬ್ಬೂ ಮುಚ್ಚಿಕೊಂಡಾಗ ಇದು ಅದರಂತೆ ಕಾಣುವುದುಂಟು. ಕೈತಪ್ಪಿದರೆ ರೋಗಿಗೆ ವರ್ಷಗಟ್ಟಲೆ ಯಾತನೆ. ಕೃತಕ ಬುದ್ಧಿಯ ಯಂತ್ರವು ಪರದೆಯ ಮೇಲಿನ ಚಿತ್ರವನ್ನು ವೈದ್ಯರೊಡನೆ ತಾನೂ ನೋಡುತ್ತ, ‘ಇಲ್ಲಿ ಕತ್ತರಿಸಬಹುದು, ಇಲ್ಲಿ ಅಪಾಯ’ ಎಂದು ಬಣ್ಣದಿಂದ ಗುರುತುಮಾಡಿ ತೋರಿಸುವಷ್ಟು ಮುಂದುವರಿದಿದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದವರು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಸತ್ತ ಹಂದಿಗಳ ಎಂಟು ಪಿತ್ತಕೋಶಗಳಲ್ಲಿ ನಾಳವನ್ನೂ ರಕ್ತನಾಳವನ್ನೂ ಕ್ಲಿಪ್ಪು ಹಾಕಿ ಕತ್ತರಿಸುವ ಹಂತವನ್ನು ಯಂತ್ರವೇ ತಾನಾಗಿ ನಡೆಸಿತೆಂದು ೨೦೨೫ರ ಜುಲೈಯಲ್ಲಿ ಪ್ರಕಟಿಸಿದರು. ಅದು ಕಲಿತುದೂ ವೈದ್ಯರ ಕೆಲಸದ ಚಲಚ್ಚಿತ್ರಗಳನ್ನು ನೋಡಿಯೇ.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಅಧ್ಯಾಯವೊಂದಿದೆ, ಒಂಬತ್ತನೆಯದು. ಯೋಗ್ಯಾ ಎಂದರೆ ಕೈಯ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದವನೂ ಅಭ್ಯಾಸವಿಲ್ಲದೆ ಕೆಲಸಕ್ಕೆ ಅರ್ಹನಲ್ಲವೆಂದು ಹೇಳಿ, ಆಚಾರ್ಯನು ಅಭ್ಯಾಸದ ವಸ್ತುಗಳನ್ನು ಎಣಿಸುತ್ತಾನೆ. ಛೇದನಕ್ಕೆ ಸೋರೆ, ಸೌತೆ, ಕಲ್ಲಂಗಡಿ. ಕೆರೆಯುವುದಕ್ಕೆ ಕೂದಲಿರುವ ತೊಗಲು. ಸಿರೆಯನ್ನು ಚುಚ್ಚುವುದಕ್ಕೆ ಸತ್ತ ಪಶುವಿನ ನಾಳ, ನೈದಿಲೆಯ ದಂಟು. ಹೊಲಿಗೆಗೆ ದಪ್ಪಬಟ್ಟೆ, ಮೆತ್ತನೆಯ ಚರ್ಮ. ಕಟ್ಟು ಕಟ್ಟುವುದಕ್ಕೆ ಗೊಂಬೆ. ಪಾಠಶಾಲೆಯಲ್ಲಿ ಇದನ್ನು ಓದಿದಾಗ ಅಡಿಗೆಮನೆಯ ತರಕಾರಿಬುಟ್ಟಿಯು ನೆನಪಿಗೆ ಬಂದು ನಾವು ನಕ್ಕುದುಂಟು. ಈಗ ನಗು ಬರುವುದಿಲ್ಲ. ಸೋರೆಕಾಯಿಯನ್ನು ಕೆಡಿಸಿದರೆ ನಷ್ಟ ಕಾಸಿನಷ್ಟು. ಯಂತ್ರದ ಯೋಗ್ಯೆಗೆ ಬೇಕಾದುದು ಮನುಷ್ಯರ ಹೊಟ್ಟೆಯ ಒಳಚಿತ್ರ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ೧೩ ಜನ ವೈದ್ಯರು ಮಾಡಿದ ೮೦ ಪಿತ್ತಕೋಶದ ಶಸ್ತ್ರಚಿಕಿತ್ಸೆಗಳ ಚಿತ್ರಸಂಗ್ರಹವೊಂದು ೨೦೧೬ರ ಸುಮಾರಿಗೆ ಹೊರಬಂತು. ಲೋಕದ ಅನೇಕ ವಿದ್ವಾಂಸರು ತಮ್ಮ ಯಂತ್ರಗಳಿಗೆ ಅದರಿಂದಲೇ ಓನಾಮವನ್ನು ತಿದ್ದಿಸಿದರು. ಅದನ್ನು ಧಾರಾಳವಾಗಿ ಹಂಚಿದವರು ಸ್ತುತ್ಯರೇ. ಆದರೆ ಒಂದೂರಿನ ಒಂದು ಬಗೆಯ ಕ್ಯಾಮೆರಾದಲ್ಲಿ ಕಂಡುದನ್ನು ಕಲಿತ ಯಂತ್ರವು ಬೇರೆ ಊರಿನ ಬೇರೆ ಕ್ಯಾಮೆರಾದ ಮುಂದೆ ತಡವರಿಸುವುದೆಂದು ಆ ಶಾಸ್ತ್ರಜ್ಞರೇ ಒಪ್ಪುತ್ತಾರೆ. ನೋವನ್ನು ಕಷಾಯದಲ್ಲಿಯೂ ಉಪವಾಸದಲ್ಲಿಯೂ ತಿಂಗಳುಗಟ್ಟಲೆ ಅದುಮಿಟ್ಟುಕೊಂಡು, ಬಾವು ಬಲಿತ ಮೇಲೆ ದೊಡ್ಡಾಸ್ಪತ್ರೆಗೆ ಬರುವ ನಂಜನಗೂಡಿನ ಹೆಂಗಸಿನ ಹೊಟ್ಟೆಯು ಸ್ಟ್ರಾಸ್‌ಬರ್ಗಿನ ಪಾಠದಲ್ಲಿ ಇರಲಾರದು. ಆದುದರಿಂದ ನಮ್ಮವರ ಚಿತ್ರಗಳೂ ಬೇಕು. ಆ ಕೊನೆಯ ವಾಕ್ಯವು ಕೆಟ್ಟದ್ದೆಂದು ನಾವು ಹೇಳುವುದಿಲ್ಲ.

ಇನ್ನು ಹಣದ ಮಾತು. ಹೊಸ ಯೋಚನೆಯುಳ್ಳ ತರುಣನಿಗೆ ಮೊದಲ ಮೆಟ್ಟಿಲಿನಲ್ಲಿ ನೆರವು ಈಗ ಇಲ್ಲವೆನ್ನಲಾಗದು. ಕೇಂದ್ರದ ಬೈರಾಕ್ ಸಂಸ್ಥೆಯವರು ವೈದ್ಯಕೀಯದ ಹೊಸ ಕಲ್ಪನೆಗಳಿಗೆ ೫೦ ಲಕ್ಷ ರೂಪಾಯಿಗಳವರೆಗೆ ಸಹಾಯದ್ರವ್ಯವನ್ನು ಕೊಡುವ ಯೋಜನೆಯನ್ನು ನಡೆಸಿದ್ದಾರೆ. ಕರ್ನಾಟಕ ಸರಕಾರದ ಎಲಿವೇಟ್ ಎಂಬ ಯೋಜನೆಯ ಮಿತಿಯೂ ಅಷ್ಟೇ. ಕೃತಕ ಬುದ್ಧಿಯ ಒಟ್ಟು ಅಭಿವೃದ್ಧಿಗೆಂದು ೨೦೨೪ರ ಮಾರ್ಚಿಯಲ್ಲಿ ಕೇಂದ್ರ ಮಂತ್ರಿಮಂಡಲವು ಐದು ವರ್ಷಗಳಿಗೆ ೧೦,೩೭೧ ಕೋಟಿಗೂ ಮಿಕ್ಕ ಹಣವನ್ನು ಮಂಜೂರುಮಾಡಿತು. ಕಟ್ಟಡಗಳಿಗೂ ದಾನಿಗಳುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈದ್ಯಕೀಯ ಶಾಲೆಯನ್ನೂ ೮೦೦ ಹಾಸಿಗೆಗಳ ಆಸ್ಪತ್ರೆಯನ್ನೂ ಕಟ್ಟಲು ಬಾಗ್ಚಿ ದಂಪತಿಗಳೂ ಪಾರ್ಥಸಾರಥಿ ದಂಪತಿಗಳೂ ಸೇರಿ ೪೨೫ ಕೋಟಿಯನ್ನು ಕೊಡುವುದಾಗಿ ೨೦೨೨ರಲ್ಲಿ ಪ್ರಕಟವಾಯಿತು. ಯಂತ್ರವಿದ್ಯೆಯೂ ವೈದ್ಯವೂ ಒಂದೇ ಅಂಗಳದಲ್ಲಿ ಬೆಳೆಯಲೆಂಬುದೇ ಅದರ ಉದ್ದೇಶ. ಆ ಅಂಗಳಕ್ಕೆ ೩೭೧ ಎಕರೆ ಭೂಮಿಯನ್ನು ೧೯೦೭ರಲ್ಲಿ ಕೊಟ್ಟುದು ನಮ್ಮ ಮೈಸೂರು ಸಂಸ್ಥಾನ. ಸಂಸ್ಥೆಗಾಗಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಎತ್ತಿಟ್ಟ ಜಮಶೇಟ್‌ಜಿ ಟಾಟಾ ಅವರು ೧೯೦೪ರಲ್ಲಿಯೇ ತೀರಿಕೊಂಡರು; ಸಂಸ್ಥೆ ಹುಟ್ಟಿದ್ದು ೧೯೦೯ರಲ್ಲಿ. ಫಲವನ್ನು ಕಾಣುವ ಆತುರವಿಲ್ಲದ ಹಣವೆಂದರೆ ಅದು.

ಇಂದು ಕೊರತೆಯಿರುವುದು ಅಂಥ ಹಣಕ್ಕೇ. ಮುಖ್ಯನಾಳಕ್ಕೆ ಪೆಟ್ಟು ಬೀಳುವುದು ಸಾವಿರ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಮೂರರಿಂದ ಐದರಲ್ಲಿ. ಯಂತ್ರವು ಅದನ್ನು ಸಾವಿರಕ್ಕೆ ನಾಲ್ಕರಿಂದ ಎರಡಕ್ಕೆ ಇಳಿಸುತ್ತದೆಂದು ಒಬ್ಬರು ಹೇಳಿದರೆನ್ನೋಣ. ಅದು ಸತ್ಯವೋ ಕಾಕತಾಳೀಯವೋ ಎಂದು ಹೇಗೆ ನಿಶ್ಚಯಿಸುವುದು? ಯಂತ್ರದ ನೆರವಿನಿಂದ ಒಂದು ಪಂಗಡ, ನೆರವಿಲ್ಲದೆ ಇನ್ನೊಂದು ಪಂಗಡ—ಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರದಂತೆ ಲೆಕ್ಕ ಹಾಕಿದರೆ ಒಂದೊಂದರಲ್ಲಿಯೂ ೧೧,೦೦೦ಕ್ಕೂ ಹೆಚ್ಚು ಜನ ರೋಗಿಗಳು ಬೇಕಾಗುತ್ತಾರೆ. ನಾವು ಎರಡು ಸಾರಿ ಲೆಕ್ಕ ಹಾಕಿದೆವು, ತಪ್ಪಿರಲೆಂದೇ ಆಶಿಸಿದ್ದೆವು. ಅಷ್ಟು ಜನರನ್ನು ವರ್ಷಗಟ್ಟಲೆ ವಿಚಾರಿಸಿ, ಪ್ರತಿಯೊಂದು ಅಪಾಯವನ್ನೂ ಬಚ್ಚಿಡದೆ ದಾಖಲೆಮಾಡಿ, ಕೊನೆಗೆ ‘ಯಂತ್ರದಿಂದ ವಿಶೇಷ ಪ್ರಯೋಜನವಿಲ್ಲ’ ಎಂಬ ಉತ್ತರ ಬಂದರೂ ಅದನ್ನು ಅಚ್ಚುಹಾಕಿಸಬೇಕು. ಇದಕ್ಕೆ ಯಾವ ವರ್ತಕನು ಹಣ ಹಾಕುವನು? ಕೆಲವು ವರ್ಷಗಳಲ್ಲಿ ಬಂಡವಾಳವು ಲಾಭದೊಡನೆ ಹಿಂದಿರುಗಬೇಕೆನ್ನುವವನು ಮಾರಾಟಕ್ಕೆ ಅವಸರಪಡುವುದು ಸಹಜ. ೨೦೨೫ರಲ್ಲಿ ಕೇಂದ್ರವು ಸಂಶೋಧನೆಗೆಂದು ಒಂದು ಲಕ್ಷ ಕೋಟಿ ರೂಪಾಯಿಗಳ ನಿಧಿಯನ್ನು ಪ್ರಕಟಿಸಿತು. ಅದರಲ್ಲಿ ಖಾಸಗಿ ಸಂಸ್ಥೆಗಳಿಗೆ ಅಲ್ಪಬಡ್ಡಿಯ ದೀರ್ಘಕಾಲದ ಸಾಲಕ್ಕೆ ಮುಖ್ಯ ಸ್ಥಾನ. ಒಳ್ಳೆಯದೇ; ಆದರೆ ಸಾಲವನ್ನು ತೀರಿಸುವುದು ಯಂತ್ರದ ಬೆಲೆಯಿಂದ, ಯಂತ್ರದ ಬೆಲೆಯು ಸೇರುವುದು ರೋಗಿಯ ಬಿಲ್ಲಿಗೆ.

ಹೀಗೆ ಎಣಿಸುತ್ತ ಹೋದರೆ ಗೃಹಸ್ಥನು ಈ ಹೊಸ ವಿದ್ಯೆಗೆ ಮೂರು ಸಾರಿ ಹಣ ಕೊಡುತ್ತಾನೆ: ತೆರಿಗೆಯಾಗಿ ಒಮ್ಮೆ, ಬಿಲ್ಲಾಗಿ ಒಮ್ಮೆ, ತನ್ನ ಶರೀರದ ಚಿತ್ರವಾಗಿ ಇನ್ನೊಮ್ಮೆ. ಮೂರನೆಯದು ಯಾರ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ.

ಹತ್ತಿರದ ಶ್ರೀರಂಗಪಟ್ಟಣದ ಕಥೆಯೊಂದು ಇಲ್ಲಿ ನೆನಪಿಗೆ ಬರುತ್ತದೆ. ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಕಾವಾಸಜಿ ಎಂಬ ಎತ್ತಿನ ಗಾಡಿಯವನು ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಮೇಣದಿಂದ ಅಳತೆ ತೆಗೆದು, ಹಣೆಯ ಚರ್ಮವನ್ನು ತಿರುಗಿಸಿ ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡರು. ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಹಿತ ಬಂತು. ೧೮೧೪ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯನು ಅಲ್ಲಿ ಅದನ್ನು ಮಾಡಿ, ಗ್ರಂಥ ಬರೆದು ಪ್ರಸಿದ್ಧನಾದನು. ಪತ್ರಿಕೆಯಲ್ಲಿ ರೋಗಿಯ ಹೆಸರುಂಟು. ವಿದ್ಯೆ ಕೊಟ್ಟವನ ಹೆಸರಿಲ್ಲ.

ಈಚೆಗೆ ಕಾಯಿದೆಯು ಸ್ವಲ್ಪ ಕಣ್ತೆರೆದಿದೆ. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಂತೆ ಒಪ್ಪಿಗೆಯನ್ನು ತಿಳಿವಳಿಕೆ ಕೊಟ್ಟು ಪಡೆಯತಕ್ಕದ್ದು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ, ಪತ್ರವನ್ನು ಓದುವ ಅವಕಾಶವಿರಬೇಕು. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಹೊರಟು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಿದೆ. ಮೈಸೂರಿನಂಥ ಊರಿನಲ್ಲಿ ಕನ್ನಡದ ಪತ್ರಕ್ಕಾಗಿ ಕಾಯಿದೆಯನ್ನು ಕಾಯಬೇಕೆಂಬುದು ಮಾತ್ರ ನಮಗೆ ಸೋಜಿಗ.

ನಮ್ಮ ಅಭಿಪ್ರಾಯವಿಷ್ಟು: ಸಾರ್ವಜನಿಕರ ಹಣದಲ್ಲಿ ಒಂದು ಪಾಲನ್ನು ಈ ದೀರ್ಘ ಪರೀಕ್ಷೆಗೆಂದೇ ಮೀಸಲಿಡಬೇಕು, ಪರೀಕ್ಷೆಯು ನಮ್ಮ ಕೃಷ್ಣರಾಜೇಂದ್ರ ಆಸ್ಪತ್ರೆಯಂಥ ಸರಕಾರದ ದೊಡ್ಡಾಸ್ಪತ್ರೆಗಳಲ್ಲಿ ನಡೆಯಬೇಕು, ಅಲ್ಲಿನ ಬಡವರ ಚಿತ್ರದಿಂದ ಕಲಿತ ಯಂತ್ರವು ಅಲ್ಲಿಗೆ ಕ್ರಯವಿಲ್ಲದೆ ಹಿಂದಿರುಗಬೇಕೆಂಬ ಕರಾರನ್ನು ಮೊದಲೇ ಬರೆಯಿಸಬೇಕು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ೧೯೩೦ರಲ್ಲಿ ಮೈಸೂರಿಗೆ ಬಂದ ನಮ್ಮ ವೈದ್ಯಕೀಯ ಕಾಲೇಜಿಗೆ ನೂರು ವರ್ಷ ತುಂಬಿತು. ಅಲ್ಲಿಯ ವಿದ್ಯಾರ್ಥಿಗಳ ಕೈಪಳಗಿಸಿದವರೂ ಆ ಬಡರೋಗಿಗಳೇ ಅಲ್ಲವೆ?

ಎರಡು ದಿನಗಳ ಮೇಲೆ ಆ ತಾಯಿಯವರಿಗೆ ಇಷ್ಟನ್ನೂ ಹೇಳಿ, ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟೆವು: ರುಜು ಹಾಕದಿದ್ದರೆ ಚಿಕಿತ್ಸೆ ನಿಲ್ಲುವುದೆ? ಚಿತ್ರದೊಡನೆ ಹೆಸರು ಹೋಗುವುದೆ? ಸಹಭಾಗಿಗಳು ಯಾರು? ಕಿರಿಯ ವೈದ್ಯರೊಬ್ಬರು ಕುಳಿತು ಓದಿ, ಮೊದಲೆರಡಕ್ಕೆ ‘ಇಲ್ಲ’ ಎಂದರಂತೆ. ಮೂರನೆಯದನ್ನು ವಿಚಾರಿಸಿ ತಿಳಿಸುವೆನೆಂದರಂತೆ. “ನನ್ನ ಹೊಟ್ಟೆ ನೋಡಿ ಇನ್ನೊಬ್ಬರ ಹೊಟ್ಟೆ ಉಳಿಯೋದಾದರೆ ಬೇಡ ಅನ್ನೋಕೆ ನಾನ್ಯಾರು ಮೇಷ್ಟ್ರೇ? ಆದರೆ ಯಾರಿಗೆ ಕೊಡ್ತಿದ್ದೀನಿ ಅಂತ ತಿಳೀಬೇಕಲ್ಲ” ಎಂದು ಆಕೆ ಉಳಿದ ಕಡೆಗಳಲ್ಲೆಲ್ಲ ರುಜು ಹಾಕಿ, ಅದೊಂದನ್ನು ಬಿಟ್ಟರು.

ಈಗ ಮನೆಗೆ ಬಂದು ತಿಳಿಸಾರು ಅನ್ನ ಉಣ್ಣುತ್ತಿದ್ದಾರೆ. ಕಲ್ಲುಗಳನ್ನು ಒಂದು ಸಣ್ಣ ಸೀಸೆಯಲ್ಲಿ ಹಾಕಿಕೊಟ್ಟಿದ್ದಾರೆ. ಮೊಮ್ಮಕ್ಕಳು ಎಣಿಸಿ ಹದಿನಾಲ್ಕು ಎಂದು ಸಾರಿದ್ದಾರೆ. ಮೂರನೆಯ ಪ್ರಶ್ನೆಗೆ ಉತ್ತರವು ಇನ್ನೂ ಬಂದಿಲ್ಲ. ಆ ಗೆರೆಯೂ ಖಾಲಿಯಾಗಿದೆ.