ಆಕರಕೋಶದ ಹೆಸರಿನ ಸೂಜಿ

ಮಂಡಿನೋವಿನಿಂದ ಆಟಿಸಂವರೆಗೆ ಎಲ್ಲಕ್ಕೂ ‘ಸ್ಟೆಮ್ ಸೆಲ್’ (ಆಕರಕೋಶ) ಚಿಕಿತ್ಸೆ ಎಂಬ ಜಾಹೀರಾತು ಈಗ ಮುಂಡರಗಿ, ಶಿರಹಟ್ಟಿಯ ಮೊಬೈಲುಗಳಿಗೂ ಬರುತ್ತದೆ. ಅದನ್ನು ಅನುಮಾನಿಸಲು ಕಾರಣ ಜೀವಕೋಶದೊಳಗೇ ಇದೆ. ಕೋಶಕೇಂದ್ರದಲ್ಲಿ ಸುಮಾರು 2 ಮೀಟರ್ ಡಿಎನ್‌ಎ ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡು ಕ್ರೊಮ್ಯಾಟಿನ್ ಆಗಿರುತ್ತದೆ. ಬಿಗಿಯಾಗಿ ಮಡಚಿದ ಕಡೆಯ ಜೀನುಗಳನ್ನು ಕೋಶ ಓದಲಾರದು. ಇಂಥ ಚಿಕಿತ್ಸೆಯಲ್ಲಿ ಚುಚ್ಚಲೆಂದು ಕೊಬ್ಬಿನಿಂದ ತೆಗೆದ ಕೋಶದಲ್ಲಿ ನರದ ಜೀನುಗಳು ಇದ್ದರೂ ಬಹುಪಾಲು ಹೀಗೆ ಮುಚ್ಚಿರುತ್ತವೆ. ಚುಚ್ಚಿದ ಮಾತ್ರಕ್ಕೆ ಅದು ಮಿದುಳಿನ ಕೋಶವಾಗದು.

ಹಾಗಾದರೆ ಅಸ್ಥಿಮಜ್ಜೆ ಕಸಿ ಫಲಿಸುವುದು ಹೇಗೆ? ಅಲ್ಲಿ ರಕ್ತದ ಆಕರಕೋಶಕ್ಕೆ ಒಪ್ಪಿಸುವುದು ಅದರ ಹುಟ್ಟುಕಸುಬನ್ನೇ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ 2006ರಲ್ಲಿ ನಾಲ್ಕೇ ಜೀನುಗಳಿಂದ ಇಲಿಯ ಬಲಿತ ಕೋಶವನ್ನು ಆದಿಸ್ಥಿತಿಗೆ ಮರಳಿಸಲಿಲ್ಲವೇ? ಮರಳಿಸಿದರು, 2012ರಲ್ಲಿ ನೊಬೆಲೂ ಬಂತು. ಆದರೆ ಅದು ಪ್ರಯೋಗಾಲಯದ ವಾರಗಟ್ಟಲೆ ಕೆಲಸ, ದಕ್ಕಿದ್ದು ತೀರ ಕೆಲವು ಕೋಶ. ಅಂಥವುಗಳಲ್ಲೂ ಹಳೆಯ ಅಂಗಾಂಶದ ಗುರುತು ಉಳಿಯುತ್ತದೆಂದು ಮುಂದೆ ಗೊತ್ತಾಯಿತು. ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಕಸಿಯ ಹೊರತು ಉಳಿದುದೆಲ್ಲ ಅನುಮೋದಿತ ಪ್ರಯೋಗವಾಗಿಯೇ ನಡೆಯಬೇಕು, ರೋಗಿಯಿಂದ ಶುಲ್ಕ ಪಡೆಯಕೂಡದು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ. ಲಕ್ಷ್ಮೇಶ್ವರದ ಕುಟುಂಬವೊಂದು ಹೊಲ ಮಾರಿ ಹೊರಡುವ ಮುನ್ನ ಆ ಪ್ರಯೋಗಕ್ಕೆ ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐ ಕೊಟ್ಟ ನೋಂದಣಿ ಸಂಖ್ಯೆ ಕೇಳಲಿ. ಗದಗದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಅದನ್ನು ಪರಿಶೀಲಿಸಿ ಹೇಳಲು ಒಂದು ಕೌಂಟರ್ ತೆರೆಯಲಿ.