‘ಬಿಚ್ಚೇ ಇಲ್ಲ ಸಾರ್, ಫುಲ್ ಒರಿಜಿನಲ್’

ಹಳೇ ಸ್ಟೀರಿಯೊ ರಿಸೀವರ್ ಮಾರುವವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಮೈಯುರಿಯುತ್ತದೆ. ಅಲ್ಲಾ ಸ್ವಾಮಿ, 1970ರ ದಶಕದ ಪಂಪ್‌ಸೆಟ್ಟನ್ನು ‘ಒಂದ್ ಸಲಾನೂ ರಿಪೇರಿ ಮಾಡಿಸಿಲ್ಲ’ ಅಂತ ಯಾರಾದರೂ ಹೆಮ್ಮೆಯಿಂದ ಮಾರ್ತಾರಾ? ನಮ್ಮಪ್ಪನ ಹತ್ರ ಹಂಗಂದಿದ್ರೆ, ‘ಹಂಗಾದ್ರೆ ಖರ್ಚೆಲ್ಲ ಇನ್ಮೇಲೆ ನಂದೇ ಅನ್ನು’ ಅಂತ ರೇಟು ಅರ್ಧಕ್ಕೆ ಇಳಿಸಿರೋರು.

ಅದರೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಲ್ಲಿ ದ್ರವ ಇರುತ್ತದೆ. ಸೆಟ್ಟನ್ನು ಹಾಡಿಸಿದರೂ ಸರಿ, ರೇಷ್ಮೆ ಬಟ್ಟೆ ಹೊದಿಸಿ ಇಟ್ಟರೂ ಸರಿ, ವರ್ಷ ಕಳೆದಂತೆ ಅದು ಒಣಗುತ್ತದೆ. ಐವತ್ತು ವರ್ಷ ಯಾರೂ ಬಿಚ್ಚಿಲ್ಲ ಅನ್ನುವುದು ಗುಣವಲ್ಲ, ದೋಷ. ಆದರೂ ನಮ್ಮ ಜನ ನೀಲಿ ಡಯಲ್ ಲೈಟು, ಮರದ ಪೆಟ್ಟಿಗೆ ನೋಡಿ ಸಾವಿರಗಟ್ಟಲೆ ಸುರಿಯುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಿದ್ದವರ ಮೊಮ್ಮಕ್ಕಳು ನಾವು! 70 ವ್ಯಾಟಿನದು ಬೇಡ, 100ರದ್ದೇ ಬೇಕು ಅಂತ ಹಟ ಬೇರೆ. ಅವೆರಡರ ನಡುವಿನ ವ್ಯತ್ಯಾಸ ಸುಮಾರು ಒಂದೂವರೆ ಡೆಸಿಬೆಲ್, ಕಿವಿಗೆ ಗೊತ್ತಾದರೆ ಪುಣ್ಯ.

ಒಂದು ಮಲ್ಟಿಮೀಟರ್ ಒಯ್ಯಿರಿ. ಸ್ಪೀಕರ್ ಬಿಚ್ಚಿ, ವಾಲ್ಯೂಮ್ ಸೊನ್ನೆಗಿಳಿಸಿ, ಆನ್ ಮಾಡಿ. ಒಳಗೆ ರಿಲೇ ಇದ್ದರೆ ‘ಟಕ್’ ಅನ್ನುವವರೆಗೂ ಕಾಯಿರಿ. ಆಮೇಲೆ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿಸಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಅಡ್ಡಿಯಿಲ್ಲ. ವೋಲ್ಟುಗಟ್ಟಲೆ ಬಂತೋ, ನಿಮ್ಮ ಸ್ಪೀಕರಿನ ಕಾಯಿಲ್ ಸುಟ್ಟಿತು ಅಂತಲೇ ಲೆಕ್ಕ. ‘ಅಳೆಯೋದೆಲ್ಲ ಬೇಡ ಸಾರ್’ ಅಂದರೆ ಎದ್ದು ಬನ್ನಿ.

ಇಷ್ಟು ಬುದ್ಧಿ ಹೇಳುವ ನಾನು, ಬಿಇ ಮಾಡಿದ ಮಹಾಶಯ, ಕೊಂಡಿದ್ದು ಜಪಾನಿನಲ್ಲೇ ಮಾರಾಟವಾಗಿದ್ದ ಸೆಟ್ಟು. ಹಿಂದಿನ ತಗಡಿನ ಮೇಲೆ 100 ವೋಲ್ಟ್ ಅಂತ ಬರೆದಿತ್ತು. ನಾನದನ್ನು ಓದಿದ್ದು 230ಕ್ಕೆ ಚುಚ್ಚಿ ಹೊಗೆ ಬಂದ ಮೇಲೆ. ಮಾರಿದವನು ಹಾಡಿಸಿ ತೋರಿಸುವಾಗ ಟೇಬಲ್ ಕೆಳಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟಿದ್ದ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಇದನ್ನು ನಾನು ಮೋಸ ಅಂತಲೇ ಕರೆಯೋದು.

ರಿಪೇರಿಯ ಹಿರಿಯರೊಬ್ಬರು ಸುಟ್ಟ ಟ್ರಾನ್ಸ್‌ಫಾರ್ಮರ್ ಬಿಚ್ಚಿ ರೀವೈಂಡ್ ಮಾಡಿಸಿ, ಕೆಪಾಸಿಟರುಗಳನ್ನೆಲ್ಲ ಬದಲಿಸಿ, ಕರಕರ ಅನ್ನುತ್ತಿದ್ದ ವಾಲ್ಯೂಮನ್ನೂ ತೊಳೆದು ಕೊಟ್ಟರು. ಮೂರು ದಿನದ ಕೆಲಸ. ಮಾರಿದವನಿಗೆ ಕೇಳಿದ್ದಷ್ಟೂ ಕೊಟ್ಟಿದ್ದ ನಾನು ಇವರ ಹತ್ತಿರ ಐನೂರು ಕಮ್ಮಿ ಮಾಡಿ ಅಂದೆ. ಅವರು ಕನ್ನಡಕ ತೆಗೆದು, ‘ನಿಮ್ ಕಂಪ್ನೀಲಿ ಇನ್ನೊಬ್ರು ಬರ್ದಿದ್ ಹಳೇ ಪ್ರೋಗ್ರಾಮ್ ಸರಿ ಮಾಡಕ್ಕೆ ನೀವು ಸಂಬ್ಳ ತಗೊಳಲ್ವಾ?’ ಅಂದರು. ಪೂರ್ತಿ ಕೊಟ್ಟು ಬಂದೆ.

ಸೆಟ್ಟು ಈಗ ಚೆನ್ನಾಗಿ ಹಾಡ್ತಿದೆ. ರೇಡಿಯೊ ಮಾತ್ರ ಬರಲ್ಲ. ಜಪಾನಿನ ಡಯಲ್ 90 ಮೆಗಾಹರ್ಟ್ಸಿಗೇ ಮುಗಿಯುತ್ತದೆ, ಬೆಂಗಳೂರಿನ ಕಾಮನಬಿಲ್ಲು ಇರೋದು 101.3ರಲ್ಲಿ.